ಅಕ್ಕನ ಕೇಳ್ರಿ: ರೊಟ್ಟಿ ಬಡಿಯುವ ಕೈ

ಪ್ರಶ್ನೆ: ಅಕ್ಕಾ, ನಾನು ಬಾಗಲಕೋಟೆಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ. ನಾವು ಆರು ಮಂದಿ ಹೆಂಗಸರಿದ್ದೇವೆ. ಮೂರು ತಿಂಗಳಿಂದ ಮಾಲೀಕರು ಅರ್ಧ ಪಗಾರ ಕೊಟ್ಟು, ಉಳಿದದ್ದು ಆಮೇಲೆ ಅನ್ನುತ್ತಿದ್ದಾರೆ. ಎಲ್ಲರೂ ಸೇರಿ ಕೇಳೋಣ ಅಂದರೆ ಉಳಿದವರು 'ಸಂಗಮನಾಥ ನೋಡ್ಕೋತಾನ ಬಿಡ' ಅನ್ನುತ್ತಾರೆ. ಕಾಲೇಜಿಗೆ ಹೋಗುವ ನನ್ನ ಮಗ 'ಭಕ್ತಿ ಅನ್ನೋದೇ ಬಡವರ ಬಾಯಿ ಮುಚ್ಚಿಸೋ ಔಷಧ' ಅಂತ ನಗುತ್ತಾನೆ. ಇವರ ಮಾತೂ ಸರಿ ಅನ್ನಿಸುವುದಿಲ್ಲ, ಅವನ ಮಾತೂ ಸರಿ ಅನ್ನಿಸುವುದಿಲ್ಲ. ನೀವೇನಂತೀರಿ?
(ಹೆಸರು ಬೇಡ, ಬಾಗಲಕೋಟೆ)

ಉತ್ತರ: ತಂಗೀ, ನಿನ್ನ ಕಾಗದ ಓದಿ ನಮ್ಮವ್ವನ ಕೈ ನೆನಪಾಯಿತು. ವಿಜಯಪುರದಲ್ಲಿ ಅವಳೂ ಖಾನಾವಳಿಗೆ ರೊಟ್ಟಿ ಬಡಿದೇ ನನ್ನನ್ನು ಓದಿಸಿದಳು. ಹೆಬ್ಬೆರಳಿನ ಬುಡದಲ್ಲಿ ಯಾವಾಗಲೂ ಒಂದು ಸುಟ್ಟ ಕಲೆ ಇರುತ್ತಿತ್ತು. ಒಂದು ಮಾಯುವುದರೊಳಗೆ ಇನ್ನೊಂದು.

ನಿನ್ನ ಮಗನ ಮಾತು ಅರ್ಧ ಸರಿ. ಅದಕ್ಕೆ ನಾನೇ ಸಾಕ್ಷಿ. ಟೀಚರ್ ಆದ ಹೊಸದರಲ್ಲಿ ಒಂದು ಖಾಸಗಿ ಶಾಲೆಯಲ್ಲಿದ್ದೆ. ಪೂರ್ತಿ ಪಗಾರಕ್ಕೆ ಸಹಿ ಹಾಕಿಸಿಕೊಂಡು ಅರ್ಧ ಕೈಗಿಡುತ್ತಿದ್ದರು. ಎರಡು ವರ್ಷ ಸೋಮವಾರ ತಪ್ಪದೆ ಸಿದ್ಧೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆ. ಬಾಯಿ ಮಾತ್ರ ಬಿಡಲಿಲ್ಲ. ಕೊನೆಗೆ ಹೆಡ್‌ಮಾಸ್ತರರ ಎದುರು ನಿಂತು ಕೇಳಿದ್ದು ಕಸ ಹೊಡೆಯುವ ಆಯಾ. ಅವಳೂ ಅದೇ ಗುಡಿಗೆ ಬರುತ್ತಿದ್ದಳು. ಕಾಯಿಗೆ ದುಡ್ಡಿಲ್ಲದೆ ಬರೀ ಕೈ ಮುಗಿದು ಹೋಗುತ್ತಿದ್ದಳು. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆ.

ಮಗನ ಮಾತಿನ ಉಳಿದ ಅರ್ಧಕ್ಕೆ ಒಬ್ಬ ಅಡುಗೆಯವಳ ಕಥೆ ಹೇಳುತ್ತೇನೆ. ರಾತ್ರಿ ಊಟಕ್ಕೆ ಕೂತಾಗ ಅವನಿಗೂ ಓದಿ ಹೇಳು.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮಾಂಟ್ಗೊಮೆರಿ ಅಂತ ಊರು. ಅಲ್ಲಿ ಬಸ್ಸಿನಲ್ಲಿ ಮುಂದಿನ ಸೀಟು ಬಿಳಿಯರಿಗೆ. ಕಪ್ಪು ಜನ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕು. ಜಾರ್ಜಿಯಾ ಗಿಲ್ಮೋರ್ ಅನ್ನುವ ಹೆಂಗಸು ಹಾಗೆ ದುಡ್ಡು ಕೊಟ್ಟು ಇಳಿದಾಗ ಡ್ರೈವರ್ ಅವಳನ್ನು ಅಲ್ಲೇ ಬಿಟ್ಟು ಬಸ್ ಓಡಿಸಿಕೊಂಡು ಹೋದ. ಅವಳು ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು, ಸೂಲಗಿತ್ತಿಯೂ ಹೌದು. ಇನ್ನು ಬಸ್ ಹತ್ತುವುದಿಲ್ಲ ಅಂತ ಆವತ್ತೇ ಒಬ್ಬಳೇ ಹಟ ಹಿಡಿದಳು.

1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಸೀಟು ಬಿಡದೆ ಜೈಲಿಗೆ ಹೋದದ್ದು ನಿನ್ನ ಮಗ ಓದಿರಬೇಕು. ಡಿಸೆಂಬರ್ 5ರ ಸೋಮವಾರದಿಂದ ಊರಿನ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟರು. ಒಂದು ದಿನ ಅಂದುಕೊಂಡದ್ದು 381 ದಿನ ನಡೆಯಿತು. ಬಟ್ಟೆ ಒಗೆಯುವವರು, ಮನೆಗೆಲಸದವರು ಮೈಲಿಗಟ್ಟಲೆ ನಡೆದರು.

ಇಲ್ಲೊಂದು ಮಾತು ಕೇಳು. ಅಲ್ಲಿನ ಪಾದ್ರಿಗಳಲ್ಲೂ ಕೆಲವರು ಮೊದಮೊದಲು ಹಿಂಜರಿದರು. ಹೆಸರು ಹೊರಗೆ ಬರದಂತೆ ಗುಟ್ಟಾಗಿ ಮಾಡೋಣ ಅಂದರು. ಆಗ ನಿಕ್ಸನ್ ಅನ್ನುವವರು ಎದ್ದು ನಿಂತು ಬೈದರು. ರೈಲಿನಲ್ಲಿ ಪೋರ್ಟರ್ ಕೆಲಸ ಮಾಡುವವರು ಅವರು. ಬಟ್ಟೆ ಒಗೆಯುವ ಹೆಂಗಸರ ದುಡ್ಡಿನಲ್ಲಿ ಇಷ್ಟು ಕಾಲ ಬದುಕಿದ್ದೀರಿ, ಅವರಿಗಾಗಿ ಏನು ಮಾಡಿದ್ದೀರಿ ಅಂತ ಮುಖಕ್ಕೇ ಕೇಳಿದರು. ಅಂದರೆ ದೇವರ ಹೆಸರಲ್ಲಿ ಸುಮ್ಮನಿರುವವರು ನಮ್ಮಲ್ಲಷ್ಟೇ ಅಲ್ಲ, ಎಲ್ಲಾ ಊರಲ್ಲೂ ಇರುತ್ತಾರೆ, ಅಲ್ವಾ?

ಆದರೆ ಆ ಜನ ಸೇರಿದ್ದೂ ಚರ್ಚಿನಲ್ಲೇ. ವಾರ ವಾರ ಸಭೆ, ಹಾಡು, ಪ್ರಾರ್ಥನೆ, ಆಮೇಲೆ ಲೆಕ್ಕ. ಬಸ್ಸಿನ ಬದಲು ಓಡಿಸುವ ಕಾರುಗಳಿಗೆ ಪೆಟ್ರೋಲ್ ಬೇಕು, ರಿಪೇರಿ ಬೇಕು, ದುಡ್ಡು ಬೇಕು. ಜಾರ್ಜಿಯಾ ಕೋಳಿಮಾಂಸದ ಸ್ಯಾಂಡ್‌ವಿಚ್ ಮಾಡಿ ಅದೇ ಸಭೆಯಲ್ಲಿ ಮಾರಿದಳು. ಓಣಿಯ ಹೆಂಗಸರನ್ನು ಸೇರಿಸಿಕೊಂಡಳು. ಕೇಕು, ಗೆಣಸಿನ ಸಿಹಿ, ಊಟ ಎಲ್ಲ ಮಾಡಿ ಮಾರಿದರು. ಯಾರ್‍ಯಾರು ಮಾಡಿದ್ದು ಅಂತ ತಿಳಿದರೆ ಬಿಳಿಯರ ಮನೆಯ ಕೆಲಸ ಹೋಗುತ್ತಿತ್ತು. ಅದಕ್ಕೆ ಸಂಘಕ್ಕೆ 'ಕ್ಲಬ್ ಫ್ರಮ್ ನೋವೇರ್' ಅಂತ ಹೆಸರಿಟ್ಟಳು. ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಇಲ್ಲ! ಬಿಳಿಯರೂ ಆ ಕೇಕು ಕೊಂಡು ತಿಂದರು, ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲದೆ. ಇದು ನನಗೆ ಭಾಳ ಸೇರಿದ ಭಾಗ.

ಮುಂದೆ ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳಿದಳು, ಕೆಲಸ ಹೋಯಿತು. ಮನೆಯಲ್ಲೇ ಊಟದ ಎಲೆ ಹಾಕಲು ಶುರು ಮಾಡಿದಳು. ನಮ್ಮ ಲೆಕ್ಕದಲ್ಲಿ ಅದೂ ಒಂದು ಖಾನಾವಳಿಯೇ.

ಅವರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್. ಆಗ ವಯಸ್ಸು 26, 27. ಅವರಿಗೂ ಹೆದರಿಕೆ ಇತ್ತು. 1956ರ ಜನವರಿಯ ಒಂದು ರಾತ್ರಿ ಫೋನಿನಲ್ಲಿ ಕೊಲೆ ಬೆದರಿಕೆ ಬಂತು. ಎದ್ದು ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡರು. ಆ ಟೇಬಲ್ ಮುಂದೆ ಕೂತು, ನನ್ನಿಂದ ಇನ್ನಾಗುವುದಿಲ್ಲ, ಧೈರ್ಯ ಉಡುಗಿದೆ ಅಂತ ದೇವರಿಗೆ ಬಾಯಿಬಿಟ್ಟು ಹೇಳಿಕೊಂಡರು. ಎದೆ ಹಗುರಾಯಿತು ಅಂತ ಅವರೇ ಮುಂದೆ ಬರೆದಿದ್ದಾರೆ. ಅದಾದ ಮೂರೇ ದಿನಕ್ಕೆ ಮನೆಗೆ ಬಾಂಬ್ ಬಿತ್ತು. ಹೆಂಡತಿ, ಕೂಸು ಒಳಗಿದ್ದರು, ದೇವರ ದಯೆ, ಏನೂ ಆಗಲಿಲ್ಲ. 1956ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪು ಇವರ ಕಡೆ ಬಂತು. ಡಿಸೆಂಬರ್ 21ಕ್ಕೆ ಜನ ಮತ್ತೆ ಬಸ್ ಹತ್ತಿದರು, ಬೇಕಾದ ಸೀಟಿನಲ್ಲಿ ಕೂತರು.

ನಿನ್ನ ಜೊತೆಗಾರ್ತಿಯರು ಸಂಗಮನಾಥನ ಹೆಸರು ಹೇಳಿದರಲ್ಲ, ಅವನ ಶರಣರೇನು ಸುಮ್ಮನೆ ಕೂತಿದ್ದರಾ? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಮಾಡಿದ್ದಕ್ಕೆ ಕಲ್ಯಾಣದಲ್ಲಿ ಬೀಗರಿಬ್ಬರೂ ಜೀವ ತೆತ್ತರು. ಶರಣರು ಉಳವಿಯ ದಾರಿ ಹಿಡಿದಾಗ ವಚನದ ಕಟ್ಟುಗಳನ್ನು ಕಾದವರು ಬಟ್ಟೆ ಒಗೆಯುವ ಮಾಚಯ್ಯ, ತೊಗಲು ಹದ ಮಾಡುವ ಕಕ್ಕಯ್ಯ ಅಂತ ನಮ್ಮ ಕಡೆ ಹೇಳುತ್ತಾರೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಕ್ಕೇರಿಗೆ ಹೋಗಿ ಕೇಳು, ಕಕ್ಕಯ್ಯ ಕಾದಾಡಿ ಬಿದ್ದದ್ದು ಇಲ್ಲೇ ಅನ್ನುತ್ತಾರೆ.

ಈಗ ನಿನ್ನ ಕೆಲಸ. ಮಾಲೀಕರ ಹತ್ತಿರ ಒಬ್ಬಳೇ ಹೋಗಬೇಡ. ನಾಳೆಯಿಂದಲೇ ಒಂದು ನೋಟ್‌ಬುಕ್ ಇಡು. ಯಾರು ಯಾವ ದಿನ ಬಂದರು, ಎಷ್ಟು ಕೊಟ್ಟರು, ಎಷ್ಟು ಬಾಕಿ, ಎಲ್ಲ ಬರೆ. ಬರೆಯಲು ಮಗನನ್ನೇ ಕೂರಿಸು, ನಗುವುದು ಕಡಿಮೆಯಾಗುತ್ತದೆ. ಆರೂ ಮಂದಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿರಿ. ಮುಂದಿನ ಸೋಮವಾರ ಗುಡಿಗೆ ಹೇಗೂ ಒಟ್ಟಿಗೆ ಹೋಗುತ್ತೀರಲ್ಲ, ಪೌಳಿಯಲ್ಲಿ ಕೂತು ಈ ಮಾತು ಎತ್ತು. ಒಲೆ ಮುಂದೆ ಬೇಡ, ಅಲ್ಲಿ ಮಾಲೀಕರ ಕಿವಿ ಇರುತ್ತದೆ. ಅಲ್ಲಿಂದ ಎದ್ದು ಆರೂ ಮಂದಿ ಸೀದಾ ಹೋಗಿ ಮರ್ಯಾದೆಯಿಂದಲೇ ಕೇಳಿರಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿರಿ. ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ, ಆದಾಯ ಎಷ್ಟೇ ಇರಲಿ. ಫೋನಿನಲ್ಲಿ ಕೇಳಬೇಕೆಂದರೆ 15100. ಏನಾಯಿತು ಅಂತ ನನಗೊಂದು ಕಾಗದ ಹಾಕು.

ಪ್ರಶ್ನೆ: ಭಾಷಣ ಸ್ಪರ್ಧೆಗೆ 'ಭಕ್ತಿ ಕೊಟ್ಟ ಧೈರ್ಯ' ಅಂತ ವಿಷಯ ಕೊಟ್ಟಿದ್ದಾರೆ. ನಮ್ಮ ಹಲಗಲಿಯ ಬೇಡರ ಬಗ್ಗೆ ಮಾತಾಡಬಹುದಾ ಮೇಡಂ?
(ಪಿಯುಸಿ ವಿದ್ಯಾರ್ಥಿ, ಮುಧೋಳ ತಾಲೂಕು)

ಉತ್ತರ: ಬೇಡ ತಮ್ಮಾ. ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂತ ಕಾನೂನು ತಂದರು. ಬೇಟೆಯನ್ನೇ ನಂಬಿದ ಬೇಡರಿಗೆ ಆಯುಧ ಅಂದರೆ ಅನ್ನ, ಮಾನ ಎರಡೂ. ಕೊಡುವುದಿಲ್ಲ ಅಂದರು. ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ರಾಮ, ಹನುಮರ ಹೆಸರು ಲಾವಣಿಯಲ್ಲಿ ಇವತ್ತಿಗೂ ಇದೆ. ಆದರೆ ಅದಕ್ಕೆ ಭಕ್ತಿಯ ಬಣ್ಣ ಬಳಿದರೆ ಅವರ ಸಿಟ್ಟಿಗೆ ಅನ್ಯಾಯ. ಈ ಸಲ ಕಕ್ಕಯ್ಯನನ್ನು ತಗೋ, ಹಲಗಲಿಯನ್ನು ಬೇರೆ ಸ್ಪರ್ಧೆಗೆ ಇಟ್ಟುಕೋ. ಅಷ್ಟರೊಳಗೆ ಒಂದು ರವಿವಾರ ಸೈಕಲ್ ಹತ್ತಿ ಹಲಗಲಿಗೆ ಹೋಗಿ, ಲಾವಣಿ ಬಲ್ಲ ಅಜ್ಜ ಯಾರಾದರೂ ಇದ್ದರೆ ಹಾಡಿಸಿಕೊಂಡು ಬಾ. ಮೊಬೈಲ್ ನೋಡಿ ಬರೆದದ್ದು ತೀರ್ಪುಗಾರರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ನಾನೂ ಮೂವತ್ತು ವರ್ಷ ಆ ಕುರ್ಚಿಯಲ್ಲಿ ಕೂತವಳು.