ಯಾವ ಕಾರ್ಡ್ ಮೊದಲು ತೋರಿಸಬೇಕು?

ಅಮ್ಮತ್ತಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಯಜಮಾನರು ಸೇನೆಯಲ್ಲಿ ಹವಾಲ್ದಾರ್ ಆಗಿದ್ದು ನಿವೃತ್ತರಾದವರು. ಮಗನಿಗೆ ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ಗಾಲಿಕುರ್ಚಿಯಲ್ಲೇ ಓಡಾಟ, ಆಗಾಗ ಫಿಟ್ಸ್ ಬರುತ್ತದೆ. ಇಷ್ಟು ವರ್ಷ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡಿನಲ್ಲೇ ಎಲ್ಲ ನಡೆಯುತ್ತಿತ್ತು. ಮಗನಿಗೆ 25 ತುಂಬಿದ ಮೇಲೆ ಕಾರ್ಡ್ ನಿಂತುಹೋಗಿದೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಇವರು ಬ್ಯಾಗಿನಲ್ಲಿದ್ದ ಕಾರ್ಡುಗಳನ್ನೆಲ್ಲ ತೆಗೆದುಕೊಟ್ಟರೆ, ಕೌಂಟರಿನ ಹುಡುಗಿ ಅವನ್ನು ಸಾಲಾಗಿ ಜೋಡಿಸಿ, "ಯಾವ ಸ್ಕೀಮ್ ಅಮ್ಮ?" ಎಂದಳಂತೆ. ಇವರಿಗೆ ಉತ್ತರ ಗೊತ್ತಿರಲಿಲ್ಲ. ಕೈಯಿಂದಲೇ ದುಡ್ಡು ಕಟ್ಟಿ ಬಂದರು. ಈಗ ನೆಂಟರು, "ಆರ್ಮಿ ಕಾರ್ಡ್ ಬಿಡಿ, ಆಯುಷ್ಮಾನ್ ಒಂದು ಸಾಕು" ಎನ್ನುತ್ತಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದಾರೆ.

ಅಕ್ಕ,

ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಮಗನಿಗೆ ಇಸಿಎಚ್‌ಎಸ್ಸೇ ಮುಖ್ಯ. ದಯವಿಟ್ಟು ಅದನ್ನು ಬಿಡಬೇಡಿ. ನೆಂಟರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಈ ಮಾತು ಕೇಳಿದರೆ ನಿಮಗೆ ನಷ್ಟ.

25 ವರ್ಷದ ಲೆಕ್ಕ ಏನು ಗೊತ್ತಾ? ಗಂಡುಮಕ್ಕಳು ಮದುವೆಯಾಗುವವರೆಗೆ, ಸಂಪಾದನೆ ಶುರು ಮಾಡುವವರೆಗೆ ಅಥವಾ 25 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಅವಲಂಬಿತರು. ಆಮೇಲೆ ಕಾರ್ಡ್ ತಾನಾಗಿ ನಿಲ್ಲುತ್ತದೆ. ಶಾಶ್ವತ ಅಂಗವೈಕಲ್ಯ ಇರುವ ಮಕ್ಕಳಿಗೆ ಈ ವಯಸ್ಸಿನ ಮಿತಿಯೇ ಇಲ್ಲ. 40% ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇದ್ದು, ತಂದೆತಾಯಿಯನ್ನೇ ನಂಬಿಕೊಂಡಿದ್ದರೆ ಜೀವನಪೂರ್ತಿ ಸೌಲಭ್ಯ ಸಿಗುತ್ತದೆ. ನಿಮ್ಮ ಮಗನ ಹಕ್ಕು ಎಲ್ಲೂ ಹೋಗಿಲ್ಲ. ಅವನು ಸಾಮಾನ್ಯ ಮಗನ ಲೆಕ್ಕದಲ್ಲೇ ದಾಖಲಾಗಿರಬೇಕು, ಅದಕ್ಕೇ ಕಾರ್ಡ್ ನಿಂತಿದೆ ಎಂದು ನನಗನ್ನಿಸುತ್ತದೆ. ಅಂಗವಿಕಲ ಅವಲಂಬಿತ ಎಂದು ಹೊಸದಾಗಿ ಅರ್ಜಿ ಹಾಕಿದರೆ ಸರಿಹೋಗುತ್ತದೆ.

ಅದಕ್ಕೆ ಮೊದಲು ಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮತ್ತು ಅಂಗವೈಕಲ್ಯ ಪ್ರಮಾಣಪತ್ರ. ನಿಮ್ಮ ಹತ್ತಿರ ಇರುವುದು ಹಳೆಯ ಪುಸ್ತಕ ಎಂದು ಬರೆದಿದ್ದೀರಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ಮಗನನ್ನು ತೋರಿಸಬೇಕಾಗುತ್ತದೆ. ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು. ಪ್ರಮಾಣಪತ್ರದಲ್ಲಿ "ಶಾಶ್ವತ" ಎಂದು ಬರೆದಿದೆಯಾ ನೋಡಿಕೊಳ್ಳಿ. ಇಷ್ಟು ವರ್ಷಕ್ಕೆ ಎಂದು ಅವಧಿ ಹಾಕಿದ್ದರೆ ಅಲ್ಲೇ ಕೇಳಿ. ಮನೆಗೆ ಬಂದ ಮೇಲೆ ನೋಡಿದರೆ ಮತ್ತೆ ಗಾಲಿಕುರ್ಚಿ ಜೀಪಿಗೆ ಏರಿಸಬೇಕು, ಮತ್ತೆ ಒಂದು ದಿನ ಹೋಗುತ್ತದೆ.

ಇನ್ನೊಂದು ತೊಡಕಿದೆ. ನಮ್ಮ ಕೊಡಗಿನವರಿಗೆ ಇದು ಜಾಸ್ತಿ. ನಮ್ಮ ದೊಡ್ಡಪ್ಪ ನಿವೃತ್ತ ಸುಬೇದಾರರು. ಅವರ ಮಂಚದ ಕೆಳಗೆ ಒಂದು ಕಪ್ಪು ಕಬ್ಬಿಣದ ಟ್ರಂಕ್ ಇತ್ತು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ತೆಗೆದರೆ ನುಸಿಗುಳಿಗೆಯ ವಾಸನೆ. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಬುಕ್, ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಪುಸ್ತಕ. ಅದರಲ್ಲಿ ಮಕ್ಕಳ ಹೆಸರಿನ ಮುಂದೆ ಮನೆ ಹೆಸರಿನ ಮೊದಲ ಅಕ್ಷರ ಮಾತ್ರ ಇತ್ತು. ಆಧಾರಿನಲ್ಲಿ ಮನೆ ಹೆಸರು ಪೂರ್ತಿ. ಶಾಲೆಯ ಟಿಸಿಯಲ್ಲಿ ಮನೆ ಹೆಸರೇ ಇಲ್ಲ. ಮೂರೂ ಒಬ್ಬನೇ ಹುಡುಗ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ನಿಮ್ಮ ಯಜಮಾನರ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ ಪತ್ರ), ಮಗನ ಆಧಾರ್, ಯುಡಿಐಡಿ ನಾಲ್ಕನ್ನೂ ಮೇಜಿನ ಮೇಲೆ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಹುಟ್ಟಿದ ತಾರೀಕೂ ನೋಡಿ. ವ್ಯತ್ಯಾಸ ಇದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಹೋಗಿ. ಸೇನೆಯ ರೆಕಾರ್ಡ್ ಆಫೀಸಿಗೆ ಬರೆಯುವ ದಾರಿ ಅವರಿಗೆ ಗೊತ್ತಿದೆ. ಇದನ್ನು ಸರಿಮಾಡದೆ ಕಾರ್ಡಿಗೆ ಅರ್ಜಿ ಹಾಕಿದರೆ ಸುಮ್ನೆ ಅಲೆದಾಟ.

ಇನ್ನು ನೆಂಟರ ಮಾತಿಗೆ ಬರೋಣ. ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್ 1ರಂದು. ಅದು ಇನ್ಶೂರೆನ್ಸ್ ಅಲ್ಲ. ನಿವೃತ್ತಿಯಾಗುವಾಗ ಒಂದೇ ಸಲ ವಂತಿಗೆ ಕಟ್ಟಿದ್ದೀರಿ, ವರ್ಷವರ್ಷ ಪ್ರೀಮಿಯಂ ಇಲ್ಲ. ಮೊದಲೇ ಇದ್ದ ಕಾಯಿಲೆ ಎಂದು ತಳ್ಳುವಂತಿಲ್ಲ. ಚಿಕಿತ್ಸೆಗೆ ವರ್ಷಕ್ಕೆ ಇಷ್ಟೇ ಲಕ್ಷ ಎಂಬ ಗಡಿ ಇಲ್ಲ. ಹುಟ್ಟಿನಿಂದಲೇ ಕಾಯಿಲೆ ಇರುವ ಹುಡುಗನಿಗೆ ಇದಕ್ಕಿಂತ ದೊಡ್ಡ ಮಾತು ಇನ್ನೇನಿದೆ? ಜೊತೆಗೆ ಫಿಟ್ಸಿನ ಮಾತ್ರೆ ಈ ಯೋಜನೆಯದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್ಕಿನಲ್ಲೇ ಸಿಗುತ್ತದೆ. ನಿಮ್ಮ ಮಗ ಆಸ್ಪತ್ರೆ ಸೇರುವುದು ವರ್ಷಕ್ಕೆ ಒಂದೋ ಎರಡೋ ಸಲ, ಮಾತ್ರೆ ನುಂಗುವುದು ದಿನಾ, ಅಲ್ವಾ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಒಳ್ಳೆಯ ಯೋಜನೆ. ನಮ್ಮ ತೋಟದ ಲೈನ್ ಮನೆಗಳಲ್ಲಿ ಎಷ್ಟೋ ಜನರ ಜೀವ ಉಳಿಸಿದೆ. ಆದರೆ ನಿಮ್ಮ ಮನೆಯದು ಎಪಿಎಲ್ ಕಾರ್ಡ್ ಎಂದು ಬರೆದಿದ್ದೀರಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಮಾತ್ರ ಸರ್ಕಾರದ್ದು, ಅದೂ ಇಡೀ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಒಳಗೆ. ಉಳಿದ 70% ನಿಮ್ಮ ಕೈಯಿಂದಲೇ ಹೋಗಬೇಕು. ನೆಂಟರು ಈ ಲೆಕ್ಕ ಹೇಳಿದ್ದಾರಾ? ಆ ಕಾರ್ಡನ್ನು ಬಿಸಾಡಬೇಕಾಗಿಲ್ಲ. ಬ್ಯಾಗಿನಲ್ಲಿ ಇರಲಿ. ಒಂದೇ ಚಿಕಿತ್ಸೆಗೆ ಎರಡು ಕಡೆಯಿಂದ ದುಡ್ಡು ಬರುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ನಿಮ್ಮ ಅತ್ತೆಯವರಿಗೆ 76 ವರ್ಷ, ಅವರಿಗೆ 70 ದಾಟಿದವರ ಆಯುಷ್ಮಾನ್ ಕಾರ್ಡ್ ಮಾಡಿಸಲಾ ಎಂದೂ ಕೇಳಿದ್ದೀರಿ. 2024ರಲ್ಲಿ ಬಂದ ಆ ಯೋಜನೆಯ ನಿಯಮ ಸ್ಪಷ್ಟವಾಗಿದೆ. ಇಸಿಎಚ್‌ಎಸ್ ಪಡೆಯುತ್ತಿರುವ ಹಿರಿಯರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆಯುಷ್ಮಾನ್ ಇರುವುದು ಮುಖ್ಯವಾಗಿ ಒಳರೋಗಿಗಳಿಗೆ. ಅತ್ತೆಯವರ ಬಿಪಿ, ಶುಗರ್ ಮಾತ್ರೆ ತಿಂಗಳು ತಿಂಗಳು ಬರುತ್ತಿರುವುದು ಪಾಲಿಕ್ಲಿನಿಕ್ಕಿನಿಂದ. ನಾನಾದರೆ ಅವರನ್ನು ಇರುವಲ್ಲೇ ಬಿಡುತ್ತೇನೆ.

ಹಾಗಾದರೆ ಮಗನಿಗೆ ಇನ್ನೊಂದು ಆಸರೆ ಬೇಡವೇ? ಬೇಕು. ನಿಮ್ಮ ಪತ್ರದಲ್ಲಿ ಅದರ ಹೆಸರೇ ಇರಲಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ: ನಿರಾಮಯ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಬರುವ ನಾಲ್ಕು ಬಗೆಯ ವೈಕಲ್ಯಕ್ಕೆ, ಅಂದರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವೈಕಲ್ಯಕ್ಕೆ ಇರುವ ಆರೋಗ್ಯ ವಿಮೆ. ವರ್ಷಕ್ಕೆ 1 ಲಕ್ಷದವರೆಗೆ. ವಯಸ್ಸಿನ ಮಿತಿ ಇಲ್ಲ, ಸೇರುವ ಮೊದಲು ಪರೀಕ್ಷೆ ಇಲ್ಲ. ಮನೆಯ ಹತ್ತಿರದ ಫಿಸಿಯೋಥೆರಪಿ, ಹೊರರೋಗಿ ತಪಾಸಣೆ, ಆಸ್ಪತ್ರೆಗೆ ಓಡಾಡಿದ ಖರ್ಚು, ಇಂಥವಕ್ಕೂ ಅದರಲ್ಲಿ ಜಾಗ ಇದೆ. ಮೊದಲು ನೀವು ಖರ್ಚು ಮಾಡಿ, ಬಿಲ್ಲು ಕಳಿಸಿ, ಆಮೇಲೆ ದುಡ್ಡು ಪಡೆಯಬೇಕು. ಪ್ರತಿ ವರ್ಷ ನವೀಕರಿಸುವುದನ್ನು ಮರೆಯಬಾರದು. ಹೀಗೆ ಹಂಚಿಕೊಳ್ಳಿ: ಆಸ್ಪತ್ರೆಗೆ ಸೇರುವುದು, ಆಪರೇಷನ್, ಮಾತ್ರೆ ಎಲ್ಲ ಇಸಿಎಚ್‌ಎಸ್ ಕಡೆ. ವಾರಕ್ಕೆ ಎರಡು ಸಲದ ಥೆರಪಿ ನಿರಾಮಯದ ಕಡೆ. ಬಿಲ್ಲುಗಳಿಗೆ ಎರಡು ಬೇರೆ ಫೈಲ್ ಇಡಿ. ಒಂದು ಬಿಲ್ಲು ಒಂದೇ ಫೈಲಿಗೆ.

ಮೈಸೂರಿನ ಕೌಂಟರಿನಲ್ಲಿ ಆದದ್ದು ಇನ್ನೊಮ್ಮೆ ಆಗಬಾರದು. ತುರ್ತು ಅಲ್ಲದಿದ್ದರೆ ಮೊದಲು ಪಾಲಿಕ್ಲಿನಿಕ್ ವೈದ್ಯರಿಂದ ರೆಫರಲ್, ಅಂದರೆ ಆಸ್ಪತ್ರೆಗೆ ಕಳಿಸುವ ಚೀಟಿ, ಪಡೆಯಬೇಕು. ರೆಫರಲ್ ಕೈಯಲ್ಲಿದ್ದರೆ ಎಂಪ್ಯಾನಲ್ ಆದ, ಅಂದರೆ ಯೋಜನೆಯ ಪಟ್ಟಿಯಲ್ಲಿರುವ, ಆಸ್ಪತ್ರೆ ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಆಸ್ಪತ್ರೆ ಎಂಪ್ಯಾನಲ್ ಆಗಿದ್ದರೂ ಎಲ್ಲ ವಿಭಾಗಕ್ಕೂ ಆಗಿರುವುದಿಲ್ಲ. ಮೂಳೆಗೆ ಇದ್ದು ನರರೋಗಕ್ಕೆ ಇಲ್ಲದೆ ಹೋಗಬಹುದು. ತಿತಿಮತಿ ಕಾಡು ದಾಟಿ ಹುಣಸೂರು ಹಿಡಿಯುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಕೌಂಟರಿನಲ್ಲಿ ಒಂದೇ ಕಾರ್ಡ್, ಒಂದೇ ಚೀಟಿ ತೆಗೆಯಿರಿ. "ಇಸಿಎಚ್‌ಎಸ್, ರೆಫರಲ್ ಇದೆ" ಎಂದಷ್ಟೇ ಹೇಳಿ.

ರಾತ್ರಿ ಹೊತ್ತು ಫಿಟ್ಸ್ ಬಂದರೆ ರೆಫರಲ್ ಎಲ್ಲಿಂದ ತರುವುದು ಎಂದು ಕೇಳಿದ್ದೀರಿ. ಬೇಕಾಗಿಲ್ಲ. ಹತ್ತಿರ ಯಾವ ಆಸ್ಪತ್ರೆ ಇದೆಯೋ ಅಲ್ಲಿಗೆ ಹೋಗಿ. ಅದು ಎಂಪ್ಯಾನಲ್ ಆಗಿದ್ದರೆ ಕಾರ್ಡ್ ತೋರಿಸಿ, ತಿಳಿಸುವ ಕೆಲಸ ಆಸ್ಪತ್ರೆಯದು. ಆಗಿಲ್ಲದಿದ್ದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್ಕಿಗೆ ನೀವೇ ತಿಳಿಸಬೇಕು. ಬಿಲ್ಲು ನೀವು ಕಟ್ಟಿ, ಆಮೇಲೆ ಸರ್ಕಾರಿ ದರದ ಪ್ರಕಾರ ವಾಪಸ್ ಪಡೆಯಬೇಕು. ಆಸ್ಪತ್ರೆಯ ದರ ಅದಕ್ಕಿಂತ ಜಾಸ್ತಿ ಇದ್ದರೆ ಆ ವ್ಯತ್ಯಾಸ ನಿಮ್ಮದೇ.

ಈ 48 ಗಂಟೆ ನಮ್ಮ ಮನೆಯವರಿಗೆ ಚೆನ್ನಾಗಿ ನೆನಪಿದೆ. ಒಂದು ಆಗಸ್ಟ್ ಮಳೆಯಲ್ಲಿ ದೊಡ್ಡಪ್ಪನಿಗೆ ಎದೆನೋವು ಬಂತು. ಸಿಕ್ಕಿದ ಆಸ್ಪತ್ರೆಗೆ ಸೇರಿಸಿದೆವು. ಕರೆಂಟಿಲ್ಲ, ಟವರ್ ಇಲ್ಲ, ರಸ್ತೆಗೆ ಮರ ಬಿದ್ದಿದೆ. ನಾವು ತಿಳಿಸಿದ್ದು ಐದನೇ ದಿನ. ಕ್ಲೇಮ್ ವಾಪಸ್ ಬಂತು. ದೊಡ್ಡಪ್ಪ ಆ ಕಾಗದವನ್ನು ಮಡಿಚಿ ಟ್ರಂಕಿನೊಳಗೆ ಇಟ್ಟರು, ಯಾರಿಗೂ ಏನೂ ಅನ್ನಲಿಲ್ಲ. ಅವರ ಆ ಮೌನ ನನ್ನನ್ನು ಇವತ್ತಿಗೂ ಕಾಡುತ್ತದೆ. ಅದಕ್ಕೇ ಹೇಳುವುದು, ಪಾಲಿಕ್ಲಿನಿಕ್ಕಿನ ಫೋನ್ ನಂಬರ್ ಮತ್ತು ಇಮೇಲ್ ಎರಡನ್ನೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. ಬೆಂಗಳೂರಿನಲ್ಲಿರುವ ಮಗಳಿಗೂ ಕೊಡಿ. ನಮ್ಮಲ್ಲಿ ಟವರ್ ಬಿದ್ದ ದಿನ ಅಲ್ಲಿಂದ ಅವಳು ತಿಳಿಸಬಹುದು. ಡಿಸ್ಚಾರ್ಜ್ ಆಗುವಾಗ ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳ ಜೊತೆಗೆ ತುರ್ತು ಚಿಕಿತ್ಸೆಯಾಗಿತ್ತು ಎಂದು ವೈದ್ಯರು ಬರೆದ ಪತ್ರವನ್ನೂ ಕೇಳಿ ಪಡೆಯಿರಿ.

ಪತ್ರದ ಕೊನೆಯ ಸಾಲಿನಲ್ಲಿ, "ನಾವಿಬ್ಬರೂ ಹೋದ ಮೇಲೆ ಇವನಿಗೆ ಯಾರು?" ಎಂದು ಬರೆದಿದ್ದೀರಿ. ಆ ಸಾಲು ಓದಿ ನಾನು ಸ್ವಲ್ಪ ಹೊತ್ತು ಪತ್ರ ಕೆಳಗಿಟ್ಟೆ. ಸಮಾಧಾನದ ಮಾತಿಗಿಂತ ನಿಮಗೆ ಬೇಕಾಗಿರುವುದು ಮಾಡಬಹುದಾದ ಕೆಲಸ. ಎರಡು ಇವೆ.

ದುಡಿದು ಬದುಕಲಾಗದ ಅಂಗವಿಕಲ ಮಕ್ಕಳಿಗೆ ತಂದೆತಾಯಿಯ ನಂತರ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುತ್ತದೆ. ಆ ಪಿಂಚಣಿ ಅವನ ಹೆಸರಿಗೆ ಬಂದರೆ ಇಸಿಎಚ್‌ಎಸ್ ಕೂಡ ಮುಂದುವರಿಯುತ್ತದೆ. ಯಜಮಾನರು ಇರುವಾಗಲೇ ಮಗನ ಹೆಸರನ್ನು, ಅಂಗವಿಕಲ ಎಂಬ ವಿವರದೊಂದಿಗೆ, ಪಿಪಿಒದಲ್ಲಿ ಸೇರಿಸಿಬಿಡಿ. ಅವರೇ ಸಹಿ ಹಾಕಿ ಮಾಡಿಸಿದರೆ ಸುಲಭ. ಮುಂದೊಂದು ದಿನ ಮಗಳು ಒಬ್ಬಳೇ ಓಡಾಡಿ ಸಾಬೀತು ಮಾಡುವುದು ತುಂಬಾ ಕಷ್ಟ.

ಎರಡನೆಯದು ಪೋಷಕತ್ವ. 18 ದಾಟಿದ ಮೇಲೆ ತಾಯಿಯಾದರೂ ಕಾನೂನಿನ ಲೆಕ್ಕದಲ್ಲಿ ನೀವು ಅವನ ಪೋಷಕರಲ್ಲ. ನಿರ್ಧಾರಗಳನ್ನು ತಾನೇ ಮಾಡಲು ಅವನಿಗೆ ಆಗದಿದ್ದರೆ, ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯಲ್ಲಿ ಒಂದು ಸ್ಥಳೀಯ ಸಮಿತಿ ಇರುತ್ತದೆ, ಜಿಲ್ಲಾಧಿಕಾರಿಗಳು ಅದರಲ್ಲಿರುತ್ತಾರೆ. ಅಲ್ಲಿಗೆ ಅರ್ಜಿ ಕೊಟ್ಟು ಪೋಷಕರ ಆದೇಶ ಪಡೆಯಬೇಕು. ಮುಂದೆ ಆ ಜಾಗಕ್ಕೆ ಯಾರು ಎಂಬುದನ್ನು ಮಗಳ ಜೊತೆ ಈಗಲೇ ಮಾತಾಡಿ. ಮಗನನ್ನೂ ಕೂರಿಸಿಕೊಂಡು ಮಾತಾಡಿ. ಅವನಿಗೆ ಮಾತು ತಡವರಿಸುತ್ತದೆ, ಆದರೆ ಎಲ್ಲ ಅರ್ಥವಾಗುತ್ತದೆ ಎಂದು ನೀವೇ ಬರೆದಿದ್ದೀರಿ.

ಮಡಿಕೇರಿಗೆ ಒಂದೇ ದಿನ ಹೋಗಿ ಜಿಲ್ಲಾ ಆಸ್ಪತ್ರೆ, ಪಾಲಿಕ್ಲಿನಿಕ್, ಸೈನಿಕ ಕಲ್ಯಾಣ ಕಚೇರಿ ಮೂರನ್ನೂ ಮುಗಿಸುತ್ತೇನೆ ಎಂದುಕೊಳ್ಳಬೇಡಿ. ಮಗನಿಗೆ ಸುಸ್ತಾಗುತ್ತದೆ. ಆಸ್ಪತ್ರೆಗೆ ಮಾತ್ರ ಅವನನ್ನು ಕರೆದುಕೊಂಡು ಹೋಗಿ, ಉಳಿದೆಡೆಗೆ ಯಜಮಾನರು ಟ್ರಂಕಿನ ಕಾಗದಗಳ ಜೊತೆ ಹೋದರೆ ಸಾಕು. ಕಾಫಿ ಕೊಯ್ಲು ಶುರುವಾಗುವ ಮೊದಲೇ ಹೊರಡಿ, ಆಮೇಲೆ ನಿಮಗೆ ಪುರುಸೊತ್ತಿರುವುದಿಲ್ಲ. ಹೊಸ ಕಾರ್ಡ್ ಕೈಗೆ ಬಂದ ದಿನ ಒಂದು ಸಾಲು ಬರೆಯಿರಿ.

— ಸಂಪಾದಕ