ಡಬ್ಬಿಯೊಳಗೆ ಏನಿದೆ ಅಂತ ಗೊತ್ತಿಲ್ಲ, ಆದ್ರೂ ಅದೇ ಬೇಕಂತೆ

ಪ್ರಶ್ನೆ: ಅಕ್ಕ, ನನ್ನ ಮಗನಿಗೆ 9 ವರ್ಷ. ಎರಡು ತಿಂಗಳಿಂದ ಈ ಸೀಲ್ ಮಾಡಿರೋ ಡಬ್ಬಿ ಗೊಂಬೆಗಳ ಹುಚ್ಚು ಹಿಡಿದಿದೆ, ಒಳಗೆ ಯಾವ ಗೊಂಬೆ ಇದೆ ಅಂತ ಬಿಚ್ಚೋವರೆಗೂ ಗೊತ್ತಾಗಲ್ಲ. ಒಂದು ಸೆಟ್ಟಿಗೆ 6 ಗೊಂಬೆ. 11 ಡಬ್ಬಿ ತಂದಾಯ್ತು, ಐದು ಥರದ್ದು ಬಂದಿದೆ, ಆರನೇದು ಬರ್ತಾನೇ ಇಲ್ಲ. ಹೋದ ವಾರ ಅವರ ತಾತ ಕೊಟ್ಟಿದ್ದ ಕಲರ್ ಪೆನ್ಸಿಲ್ ಬಾಕ್ಸನ್ನ ಫ್ರೆಂಡಿಗೆ ಕೊಟ್ಟು ಒಂದು ಬಿಚ್ಚದ ಡಬ್ಬಿ ತಗೊಂಡು ಬಂದಿದ್ದಾನೆ, ಬಿಚ್ಚಿದ್ರೆ ಇದ್ದಿದ್ದೇ ಗೊಂಬೆ. ನಮ್ಮ ಯಜಮಾನ್ರು ಎಲ್ಲಾ ಎತ್ತಿ ಬಿಸಾಕು ಅಂತಾರೆ, ನಂಗೆ ಮನಸ್ಸು ಬರ್ತಿಲ್ಲ. ಏನ್ಮಾಡ್ಲಿ?

ಉತ್ತರ: ಬಿಸಾಕಬೇಡಿ ತಂಗಿ. ನಿಮ್ಮ ಮನಸ್ಸು ಹೇಳ್ತಿರೋದು ಸರಿಯಾಗೇ ಇದೆ. ಬಿಸಾಕಿದ್ರೆ ಗೊಂಬೆ ಹೋಗುತ್ತೆ, ಆಸೆ ಹೋಗಲ್ಲ, ಜೊತೆಗೆ ಮುಂದಿನ ಸಲ ಅವನು ನಿಮ್ಮಿಂದ ಬಚ್ಚಿಡೋದು ಕಲೀತಾನೆ.

ಮಕ್ಕಳಿಗೆ ಹೀಗೆ ಗುಂಪು ಗುಂಪಾಗಿ ಹುಚ್ಚು ಹಿಡಿಯೋದು ಹೊಸದೇನಲ್ಲ. 1958ರಲ್ಲಿ ಅಮೆರಿಕದಲ್ಲಿ ಹುಲಾ ಹೂಪ್ ಅನ್ನೋ ದೊಡ್ಡ ಪ್ಲಾಸ್ಟಿಕ್ ಬಳೆ ಬಂತು, ಎಲ್ಲರ ಸೊಂಟದಲ್ಲೂ ಅದೇ. 1974ರಲ್ಲಿ ಬುಡಾಪೆಸ್ಟಿನ ಮೇಷ್ಟ್ರು ಎರ್ನೋ ರೂಬಿಕ್ ಮಾಡಿದ, ಬಣ್ಣ ಹೊಂದಿಸೋ ಕ್ಯೂಬ್ 1980ರ ಹೊತ್ತಿಗೆ ದೇಶ ದೇಶ ಸುತ್ತಿತು. 1996ರಲ್ಲಿ ಜಪಾನಿನಿಂದ ತಮಗೋಚಿ, ಅಂದ್ರೆ ಪುಟ್ಟ ಸ್ಕ್ರೀನಿನೊಳಗೆ ಪ್ರಾಣಿ ಸಾಕೋ ಆಟಿಕೆ, ಬಂದಾಗಂತೂ, ಹೊತ್ತು ಹೊತ್ತಿಗೆ ಬಟನ್ ಒತ್ತಿ ಊಟ ಹಾಕದಿದ್ರೆ ಆ ಪ್ರಾಣಿ ಸತ್ತೇ ಹೋಗ್ತಿತ್ತು, ಅದಕ್ಕೆ ಮಕ್ಕಳು ಕ್ಲಾಸಿಗೂ ತಗೊಂಡು ಹೋಗೋರು, ಎಷ್ಟೋ ಸ್ಕೂಲುಗಳು ಬ್ಯಾನ್ ಮಾಡಬೇಕಾಯ್ತು. ಇನ್ನು 2017ರಲ್ಲಿ ಬೆರಳಲ್ಲಿ ಗಿರಗಿರ ತಿರುಗಿಸೋ ಸ್ಪಿನ್ನರ್ ಬಂದು ಹೋಗಿದ್ದು ನಿಮಗೂ ನೆನಪಿರಬಹುದು. ನಮ್ಮ ಮಗಳಿಗೆ ಕ್ಯೂಬ್ ಹುಚ್ಚು ಹಿಡಿದಾಗ ರಾತ್ರಿ ಹೊದಿಕೆಯೊಳಗಿಂದ ಕರಕರ ಸದ್ದು ಬರ್ತಿತ್ತು, ನಾನೂ ಬೈದಿದ್ದೀನಿ. ಆದ್ರೆ ಮೊದಲ ಸಲ ಒಂದು ಬದಿ ಪೂರ್ತಿ ಬಿಳಿ ಆದಾಗ ಬರಿಗಾಲಲ್ಲಿ ಓಡಿ ಬಂದು ನನ್ನ ಮುಖದ ಮುಂದೆ ಹಿಡಿದಳಲ್ಲ, ಆಮೇಲೆ ಬೈಯೋಕೆ ಬಾಯಿ ಬರ್ಲಿಲ್ಲ. ಹುಚ್ಚು ಆರು ತಿಂಗಳಲ್ಲಿ ಇಳೀತು. ಕ್ಯೂಬ್ ಕೈಗೆ ಸಿಕ್ಕಿದ್ರೆ ಈಗಲೂ ಮಾಡ್ತಾಳೆ.

ಈ ಡಬ್ಬಿ ವಿಷಯ ಬೇರೆ, ಇಲ್ಲಿ ನಂಗೆ ನಿಜವಾಗ್ಲೂ ಕೋಪ ಬರುತ್ತೆ. ಮುಂದಿನ ಸಲ ಮಗ ಡಬ್ಬಿ ಬಿಚ್ಚೋವಾಗ ಪಕ್ಕದಲ್ಲಿ ಕೂತು ನೋಡಿ. ಕಿವಿ ಹತ್ರ ಅಲ್ಲಾಡಿಸ್ತಾನೆ, ಹೆಬ್ಬೆರಳಲ್ಲಿ ಮೂಲೆ ಒತ್ತಿ ನೋಡ್ತಾನೆ, ಉಸಿರು ಬಿಗಿ ಹಿಡಿದು ಹರೀತಾನೆ, ಎರಡು ಕ್ಷಣ ಗೊಂಬೆ ನೋಡ್ತಾನೆ, ತಕ್ಷಣ ಇನ್ನೊಂದು ಬೇಕು ಅಂತಾನೆ. ಗೊಂಬೆ ಜೊತೆ ಆಟಾನೇ ಇಲ್ಲ, ಆಟ ಇರೋದೆಲ್ಲಾ ಬಿಚ್ಚೋದರಲ್ಲಿ. ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದ ಬಹುಮಾನವೇ ಹೆಚ್ಚು ಹಿಡಿದಿಡುತ್ತೆ ಅಂತ ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞರು ಪಾರಿವಾಳಗಳನ್ನ ಇಟ್ಕೊಂಡು ಯಾವತ್ತೋ ತೋರಿಸಿದ್ರು, ಜೂಜಿನ ಮೆಷಿನ್ ನಡೆಯೋದೂ ಹಾಗೇ. ನಿಮ್ಮ ಮಗನದ್ದು ಹಠ ಅಂತ ಮಾತ್ರ ಅಂದ್ಕೋಬೇಡಿ, ದೊಡ್ಡವರನ್ನೇ ಬಿಡದ ವಿದ್ಯೆ ಅದು.

ಬುದ್ಧಿ ಹೇಳೋಕೆ ಹೋಗ್ಬೇಡಿ, ಒಂದು ದಾಳ ಕೊಡಿ. 1ರಿಂದ 6ರವರೆಗೆ ಎಲ್ಲಾ ನಂಬರೂ ಒಂದ್ಸಲ ಆದ್ರೂ ಬೀಳೋವರೆಗೂ ಹಾಕ್ತಾ ಹೋಗು, ಪ್ರತಿ ಸಲಕ್ಕೂ ಒಂದು ಗೀಟು ಎಳಿ ಅನ್ನಿ. ಒಂದು ಗೀಟು ಅಂದ್ರೆ ಒಂದು ಡಬ್ಬಿ. ಆರೂ ಗೊಂಬೆ ಸಮಸಮ ಬರ್ತವೆ ಅಂದ್ಕೊಂಡ್ರೂ ಸೆಟ್ ಮುಗಿಯೋಕೆ ಸರಾಸರಿ 15 ಡಬ್ಬಿ ಹತ್ರ ಬೇಕು, ಅದರಲ್ಲಿ ಕೊನೇ ಗೊಂಬೆ ಒಂದಕ್ಕೇ ಸರಾಸರಿ 6. ಅಂದ್ರೆ 11ಕ್ಕೆ ಐದು ಬಂದಿರೋ ನಿಮ್ಮ ಮಗನ ಅದೃಷ್ಟ ಏನೂ ಕೆಟ್ಟಿಲ್ಲ, ಲೆಕ್ಕ ಇರೋದೇ ಹಾಗೆ. ಕೆಲವು ಡಬ್ಬಿಗಳಲ್ಲಿ ಸೀಕ್ರೆಟ್ ಗೊಂಬೆ 72ಕ್ಕೆ ಒಂದು ಅಂತ ಬರೆದಿರುತ್ತೆ, ಅದಕ್ಕೆ ಎರಡು ದಾಳ ಒಂದು ನಾಣ್ಯ ಸಾಕು, ಎರಡು ದಾಳದಲ್ಲೂ 6 ಬಿದ್ದು ನಾಣ್ಯ ಹೆಡ್ ಬಿದ್ರೆ ಮಾತ್ರ ಸಿಕ್ಕಿತು ಅಂತ ಲೆಕ್ಕ. ಕೈ ನೋವು ಬರೋವರೆಗೂ ಹಾಕ್ಲಿ. ಬೇರೆ ಬೇರೆ ಕಡೆಯಿಂದ ಒಬ್ಬೊಬ್ಬರೂ 72 ಡಬ್ಬಿ ತಂದ್ರೂ ನೂರರಲ್ಲಿ ಸುಮಾರು 36 ಮಕ್ಕಳಿಗೆ ಅದು ಸಿಗಲ್ಲ.

ಆರನೇ ಗೊಂಬೆನ ಡಬ್ಬಿಯಲ್ಲಿ ಹುಡುಕೋದು ಬಿಟ್ಟು ಕ್ಲಾಸಲ್ಲಿ ಹುಡುಕೋಕೆ ಹೇಳಿ. ಅವನ ಹತ್ರ ಡಬಲ್ ಇರೋದು ಆರು ಇದೆಯಲ್ಲ, ಇವನಿಗೆ ಬೇಕಾಗಿರೋದು ಯಾರ ಹತ್ರಾನೋ ಡಬಲ್ ಇದ್ದೇ ಇರುತ್ತೆ. ಹಾಗೆ ಮಾತಾಡಿ ಬದಲಾಯಿಸ್ಕೊಳ್ಳೋದು ಒಳ್ಳೇ ಆಟಾನೇ. ಪೆನ್ಸಿಲ್ ಬಾಕ್ಸ್ ವಿಷಯಕ್ಕೆ ಆ ಹುಡುಗನ ಅಮ್ಮನಿಗೆ ಫೋನ್ ಮಾಡೋ ಮೊದ್ಲು ನಿಮ್ಮ ಮಗನನ್ನೇ ಕೇಳಿ, ಅವನಿಗೂ ಬೇಜಾರಾಗಿರುತ್ತೆ, ವಾಪಸ್ ಕೇಳೋಕೆ ನಾಚಿಕೆ ಅಷ್ಟೇ. ಜೊತೆಗೆ ಹೋಗಿ ನಿಂತ್ಕೊಳ್ಳಿ, ಮಾತು ಅವನೇ ಆಡ್ಲಿ.

ಪ್ರಶ್ನೆ: ಮಗಳಿಗೆ 12. ಫ್ರೆಂಡ್ಸ್ ಎಲ್ಲಾ ಸೇರಿ ಫೋನಲ್ಲಿ ಒಂದೇ ಗೇಮ್ ಆಡ್ತಾರೆ. ಊಟಕ್ಕೆ ಕರೆದ್ರೆ ದಿನಾ ಜಗಳ. ಫೋನ್ ಕಿತ್ಕೊಳ್ಳೋದಾ?

ಉತ್ತರ: ಸರ್, ಅಂಥ ಗೇಮುಗಳಲ್ಲಿ ಮಧ್ಯದಲ್ಲಿ ನಿಲ್ಲಿಸೋಕೆ ಪಾಜ್ ಬಟನ್ ಇರಲ್ಲ, ಅವಳು ಎದ್ದು ಬಂದ್ರೆ ಟೀಮ್ ಸೋಲುತ್ತೆ, ನಾಳೆ ಫ್ರೆಂಡ್ಸ್ ಹತ್ರ ಅವಳೇ ಬೈಸ್ಕೋಬೇಕು. ಅದಕ್ಕೆ ಊಟಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಹೊಸ ಮ್ಯಾಚ್ ಶುರು ಮಾಡ್ಬೇಡ ಅನ್ನಿ, ನಡೀತಿರೋದು ಮುಗಿಸ್ಲಿ. ನಂಬಿ, ಅರ್ಧ ಜಗಳ ಅಲ್ಲೇ ಕಮ್ಮಿ ಆಗುತ್ತೆ. ಒಂದು ದಿನ ನೀವೂ ಒಂದು ಮ್ಯಾಚ್ ಆಡಿ ನೋಡಿ. ಇನ್ನೊಂದು, ಆ ಗೇಮಲ್ಲೂ ದುಡ್ಡು ಕೊಟ್ಟು ಬಿಚ್ಚೋ ಪೆಟ್ಟಿಗೆ ಇದೆಯಾ ನೋಡ್ಕೊಳ್ಳಿ. ಬೆಲ್ಜಿಯಂನಲ್ಲಿ 2018ರಲ್ಲೇ ಕೆಲವು ಗೇಮುಗಳ ಅಂಥ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧ ಅಂತ ಅಲ್ಲಿನ ಸರ್ಕಾರದ ಆಯೋಗ ಹೇಳಿತ್ತು. ಇದ್ರೆ ಇವತ್ತೇ ಫೋನ್ ಸೆಟ್ಟಿಂಗ್ಸಿಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿ, ಪಾಸ್‌ವರ್ಡ್ ನಿಮ್ಮ ಹತ್ರಾನೇ ಇರ್ಲಿ, ಯಾಕೆ ಹಾಕಿದ್ದೀನಿ ಅಂತ ಅವಳಿಗೂ ಹೇಳಿಬಿಡಿ.