‘ಲೂಸನ್’ ಅಂದರೆ ಬಿಚ್ಚುವುದಲ್ಲ

ಪ್ರಶ್ನೆ: ಕಾರಿನ ಕೈಪಿಡಿಯ ಟೈರ್ ಬದಲಿಸುವ ಭಾಗವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಕಡೆ ‘ಲೂಸನ್ ದ ವೀಲ್ ನಟ್ಸ್’ ಎಂದಿದೆ, ಮುಂದೆ ‘ರಿಮೂವ್ ದ ವೀಲ್ ನಟ್ಸ್’ ಎಂದಿದೆ. ಎರಡಕ್ಕೂ ‘ನಟ್ ಬಿಚ್ಚಿ’ ಎಂದರೆ ಸಾಲದೇ? ಲೂಸ್, ಲೂಸನ್, ಲೂಝ್ ಮೂರೂ ನನಗೆ ಕಲಸಿಹೋಗುತ್ತವೆ.

ಉತ್ತರ: ಸಾಲದು, ಅಪಾಯವೂ ಹೌದು. ಲೂಸನ್ ಎಂದರೆ ಬಿಗಿ ಕಡಿಮೆ ಮಾಡುವುದು ಅಷ್ಟೇ, ವಸ್ತು ಇದ್ದಲ್ಲೇ ಇರುತ್ತದೆ. ಚಕ್ರ ನೆಲದ ಮೇಲಿರುವಾಗ ಪ್ರತಿ ನಟ್ಟನ್ನೂ ಸುಮಾರು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ, ಕೊನೆಗೆ ನಟ್ ತೆಗೆಯಬೇಕು. ನೆಲಕ್ಕೆ ಊರಿದ ಚಕ್ರ ತಿರುಗದು, ಹಾಗಾಗಿ ಸ್ಪ್ಯಾನರಿನ ಬಲವೆಲ್ಲ ನಟ್ಟಿಗೇ ಹೋಗುತ್ತದೆ. ಎತ್ತಿದ ಮೇಲೆ ಜಗ್ಗಿದರೆ ಚಕ್ರ ಸುತ್ತುತ್ತದೆ, ಕಾರು ಜಾಕಿನಿಂದ ಜಾರಲೂಬಹುದು. ನೀವು ಮೊದಲ ಹಂತದಲ್ಲೇ ‘ಬಿಚ್ಚಿ’ ಎಂದು ಬರೆದರೆ, ಹೊಸಬರು ಜಾಕ್ ಹಾಕುವ ಮುಂಚೆಯೇ ನಟ್ಟುಗಳನ್ನು ಪೂರ್ತಿ ಕಳಚಿಡುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ‘ಲೂಸ್ ಮಾಡು’ ಎಂಬುದು ಎರಡಕ್ಕೂ ನಡೆಯುತ್ತದೆ, ಬರಹದಲ್ಲಿ ನಡೆಸಬೇಡಿ. ಮೊದಲಿಗೆ ‘ಅರ್ಧ ಸುತ್ತು ಸಡಿಲಿಸಿ, ತೆಗೆಯಬೇಡಿ’ ಎಂದೂ ಆಮೇಲಿನದಕ್ಕೆ ‘ತೆಗೆಯಿರಿ’ ಎಂದೂ ಬರೆಯಿರಿ.

ಅಂದಹಾಗೆ, ಸಡಿಲಿಸುವುದೆಂದರೆ ಯಾವಾಗಲೂ ಎಡಕ್ಕೆ ತಿರುಗಿಸುವುದು ಎಂದುಕೊಳ್ಳಬೇಡಿ. ಸೈಕಲ್ಲಿನ ಎಡ ಪೆಡಲ್‌ಗೆ ಉಲ್ಟಾ ತಿರುಪು (ಥ್ರೆಡ್) ಇರುತ್ತದೆ, ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲಾಗುತ್ತದೆ.

ಇನ್ನು ಆ ಮೂರು ಪದಗಳು. ಲೂಸ್ ಗುಣವಾಚಕ: ‘ದ ನಟ್ ಈಸ್ ಲೂಸ್’. ಅದಕ್ಕೆ ಕೊನೆಯಲ್ಲಿ ‘ಎನ್’ ಅಕ್ಷರ ಸೇರಿದರೆ ಕ್ರಿಯಾಪದ ಲೂಸನ್. ಟೈಟ್‌ನಿಂದ ಟೈಟನ್, ವೈಡ್‌ನಿಂದ ವೈಡನ್ ಆದ ಹಾಗೆ. ಭೂತಕಾಲದಲ್ಲಿ ಲೂಸನ್ಡ್. ಲೂಝ್ ಬೇರೆಯೇ ಪದ, ಕಳೆದುಕೊಳ್ಳುವುದು ಅಥವಾ ಸೋಲುವುದು. ಇದರಲ್ಲಿ ‘ಓ’ ಒಂದೇ, ಕೊನೆಯ ದನಿ ಝೀರೋದ ಝ. ಗೊಂದಲಕ್ಕೆ ಅರ್ಧ ಕಾರಣ ‘ಚೂಝ್’: ಅದರಲ್ಲಿ ಎರಡು ‘ಓ’ ಇದ್ದೂ ದನಿ ಝ. ಇಂಗ್ಲಿಷ್ ಕಾಗುಣಿತದಿಂದ ನ್ಯಾಯ ನಿರೀಕ್ಷಿಸಿ ಫಲವಿಲ್ಲ. ‘ತೂಕ ಇಳಿಯುತ್ತಿದೆ’ ಎನ್ನಲು ಎರಡು ‘ಓ’ ಹಾಕಿ ‘ಲೂಸಿಂಗ್ ವೇಟ್’ ಎಂದು ಬರೆಯುವವರು ಬಹಳ. ಲೂಸ್ ಕ್ರಿಯಾಪದವಾಗಿಯೂ ಇದೆ, ಆದರೆ ಅದರ ಅರ್ಥ ಬಿಡುವುದು, ಹರಿಯಬಿಡುವುದು. ಬಾಣ ಬಿಡುವುದಕ್ಕೆ ಸಲ್ಲುತ್ತದೆ, ತೂಕಕ್ಕಲ್ಲ.

ಕನ್ನಡದಲ್ಲಿ ಸಡಿಲಾಗು ಬೇರೆ, ಸಡಿಲಿಸು ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಲೂಸನ್ ಒಂದೇ. ಗಂಟು ತಾನಾಗಿ ಸಡಿಲಾದರೆ ‘ದ ನಾಟ್ ಲೂಸನ್ಡ್’ ಅಥವಾ ‘ಕೇಮ್ ಲೂಸ್’ ಎನ್ನಿ. ‘ವಾಸ್ ಲೂಸನ್ಡ್’ ಎಂದರೆ ಯಾರೋ ಸಡಿಲಿಸಿದರು ಎಂಬ ಅರ್ಥ ಬರುತ್ತದೆ. ಅಪಘಾತದ ವರದಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

‘ಅನ್‌ಲೂಸನ್’ ಎಂಬ ಪದ ಕಂಡರೆ ಬಿಗಿ ಮಾಡುವುದು ಎಂದು ಊಹಿಸಬೇಡಿ. ಅದರ ಅರ್ಥವೂ ಸಡಿಲಿಸುವುದೇ. ಓದುವಾಗ ಗುರುತಿಸಿದರೆ ಸಾಕು, ಬಳಸಬೇಕಿಲ್ಲ.

ಪ್ರಶ್ನೆ: ಸ್ಲ್ಯಾಕನ್, ರಿಲ್ಯಾಕ್ಸ್, ಈಸ್ ಇವೆಲ್ಲವೂ ಸಡಿಲಿಸುವುದೇ ತಾನೆ? ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಜೊತೆಗೆ ಬರುವ ನಾಮಪದ ನೋಡಿ. ನಟ್ಟು, ಸ್ಕ್ರೂ, ಮುಚ್ಚಳ, ಟೈ, ಬೆಲ್ಟು, ಗಂಟು, ಗಿಡದ ಬುಡದ ಮಣ್ಣು, ಎದೆಯಲ್ಲಿ ಕಟ್ಟಿದ ಕಫ, ಇವಕ್ಕೆಲ್ಲ ಲೂಸನ್. ಫಿಟ್ಸ್ ಬಂದವರ ಕುತ್ತಿಗೆಯ ಬಳಿಯ ಬಿಗಿ ಬಟ್ಟೆಗೆ ಪ್ರಥಮ ಚಿಕಿತ್ಸೆಯ ಸೂಚನೆಗಳು ಬಳಸುವುದೂ ಇದನ್ನೇ. ಎಳೆತದಲ್ಲಿರುವ ಹಗ್ಗಕ್ಕೆ, ಓಟದ ವೇಗಕ್ಕೆ, ಮಳೆಯ ರಭಸಕ್ಕೆ ಸ್ಲ್ಯಾಕನ್; ಬಾಟಲಿ ಮುಚ್ಚಳಕ್ಕೆ ಅದು ಒಗ್ಗದು. ‘ಸ್ಲ್ಯಾಕ್ ಆಫ್’ ಕೆಲಸಗಳ್ಳತನದ ಮಾತು, ಮೇಲಧಿಕಾರಿಗೆ ಬರೆಯುವಾಗ ಜೋಪಾನ. ಸ್ನಾಯು, ನಿಯಮ ಎರಡಕ್ಕೂ ರಿಲ್ಯಾಕ್ಸ್ ಆಗುತ್ತದೆ. ನೋವು, ಒತ್ತಡ, ನಿರ್ಬಂಧಗಳಿಗೆ ಈಸ್. ಸರ್ಕಾರ ನಿರ್ಬಂಧ ಸಡಿಲಿಸಿತು ಎನ್ನಲು ಲೂಸನ್ ಕೂಡ ತಪ್ಪಲ್ಲ, ಆದರೆ ‘ಈಸ್ಡ್’ ಹೆಚ್ಚು ಸಹಜ.

ಲೂಸನ್‌ನ ನುಡಿಗಟ್ಟುಗಳಲ್ಲಿ ಮೂರು ಗೊತ್ತಿದ್ದರೆ ಸಾಕು. ‘ಲೂಸನ್ ದ ಪರ್ಸ್ ಸ್ಟ್ರಿಂಗ್ಸ್’ ಅಂದರೆ ಕೈ ಬಿಚ್ಚಿ ಖರ್ಚು ಮಾಡುವುದು. ‘ಲೂಸನ್ ಸಮ್‌ಒನ್ಸ್ ಟಂಗ್’ ಅಂದರೆ ಬಾಯಿ ಬಿಡಿಸುವುದು, ಹೆಚ್ಚಾಗಿ ಹೆಂಡದ ಕೆಲಸ. ‘ಲೂಸನ್ ಅಪ್’ ವ್ಯಾಯಾಮಕ್ಕೆ ಮುಂಚೆ ಮೈ ಸಡಿಲ ಮಾಡಿಕೊಳ್ಳುವುದು. ಬಿಗುಮಾನದ ಮನುಷ್ಯನಿಗೆ ಹೇಳಿದರೆ ‘ಸ್ವಲ್ಪ ಆರಾಮಾಗಿರಪ್ಪ’ ಎಂದಂತೆ.

ಪ್ರಶ್ನೆ: ಮಗನ ಮನೆಗೆಂದು ವಿದೇಶಕ್ಕೆ ಹೊರಟಿದ್ದೇನೆ. ಅಲ್ಲಿ ವೈದ್ಯರಿಗೆ ‘ಲೂಸ್ ಮೋಷನ್’ ಎಂದರೆ ತಿಳಿಯುತ್ತದೆಯೇ?

ಉತ್ತರ: ಅದು ನಮ್ಮ ಭಾರತದ ಇಂಗ್ಲಿಷ್. ‘ಡಯೇರಿಯಾ’ ಅಥವಾ ‘ಲೂಸ್ ಸ್ಟೂಲ್ಸ್’ ಎನ್ನಿ, ದಿನಕ್ಕೆ ಎಷ್ಟು ಸಲ ಎಂಬುದನ್ನೂ ಸೇರಿಸಿ ಹೇಳಿ.